ಕೈಯೊಳಗಿನ ಜೋಳಿಗೆ

ಪುಷ್ಯಮಾಸದ ಬನದ ಹುಣ್ಣಿಮೆಯಂದು ಬನಶಂಕರಿಯ ತೇರು. ಆ ಜಾತ್ರೆಗೆ ಒಮ್ಮೆಯಾದರೂ ಬಂದವರಿಗೆ ನಮ್ಮ ಚೊಳಚಗುಡ್ಡದ ಪರಿಚಯವನ್ನು ನಾನು ಮಾಡಿಕೊಡಬೇಕಾದುದಿಲ್ಲ. ಬಾರದವರಿಗೆ ಇಷ್ಟು ಸಾಕು: ಬಾದಾಮಿಯಿಂದ ಒಂದು ಹರಿದಾರಿಯಷ್ಟು ದೂರದಲ್ಲಿ ತಾಯಿಯ ಗುಡಿ, ಗುಡಿಯ ಮುಂದೆ ಕಲ್ಲುಕಟ್ಟಡದ ಹೊಂಡ, ಅಲ್ಲಿಯೆ ಬುಟ್ಟಿಯಿಟ್ಟುಕೊಂಡು ಕುಳಿತು ಬಂದವರನ್ನು ‘ಉಣ್ಣ ಬರ್ರಿ’ ಎಂದು ಕರೆಯುವ ರೊಟ್ಟಿಯ ಹೆಣ್ಣುಮಕ್ಕಳು, ಜಾತ್ರೆಯ ದಿನಗಳಲ್ಲಿ ನಾಡಿನ ನಾನಾ ಕಡೆಯಿಂದ ಬಂದು ಬೀಡುಬಿಡುವ ನಾಟಕ ಕಂಪನಿಗಳು.

ಇಂಥ ಊರಿನ ಕನ್ನಡ ಮಾಸ್ತರನೊಬ್ಬ, ಸೇವಾಸಂಸ್ಥೆಗಳು ಸಾಮಾಜಿಕ ಜಾಲತಾಣಗಳ ಮೂಲಕ ತಮ್ಮ ಹಿತೈಷಿಗಳನ್ನು ಹೇಗೆ ಹತ್ತಿರ ಮಾಡಿಕೊಳ್ಳಬಹುದು ಎಂಬ ವಿಷಯವನ್ನೆತ್ತಿಕೊಂಡದ್ದು ಕೆಲವರಿಗೆ ಸೋಜಿಗವೆನಿಸಬಹುದು. ಮೂವತ್ತು ವರ್ಷ ಪಂಪ ರನ್ನರನ್ನು ಪಾಠ ಹೇಳಿದವನಿಗೆ ವಾಟ್ಸ್‌ಆ್ಯಪಿನ ಉಸಾಬರಿ ಏಕೆ? ಅದು ನಾನಾಗಿ ಹಚ್ಚಿಕೊಂಡ ಉಸಾಬರಿಯಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ತಂದು ಹಚ್ಚಿದ್ದು. ಅದನ್ನು ಹೇಳುವುದಕ್ಕೆ ಮೊದಲು, ಜಾಲತಾಣವೆಂಬ ಹೆಸರೇ ಇಲ್ಲದ ಕಾಲದಲ್ಲಿ ಈ ಕೆಲಸ ಹೇಗೆ ನಡೆಯುತ್ತಿತ್ತೆಂಬುದನ್ನು ಸ್ವಲ್ಪ ನೆನೆಯೋಣ.

ನಮ್ಮ ತಾಲ್ಲೂಕಿನಲ್ಲಿಯೆ, ಇದೇ ಹೊಳೆಯ ದಂಡೆಯ ಮೇಲೆ, ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದರು. ಕಣ್ಣಿಲ್ಲದ ಒಬ್ಬ ಹುಡುಗನ ಕಂಠವನ್ನು ಗುರುತಿಸಿ ಅವನಿಗೆ ಸಂಗೀತದ ದಾರಿ ಮಾಡಿಕೊಟ್ಟವರೂ ಅವರೆ. ಆ ಹುಡುಗನೆ ಪಂಚಾಕ್ಷರಿ ಗವಾಯಿಗಳು. ಅಂಧ ಮಕ್ಕಳನ್ನೂ ಅನಾಥ ಮಕ್ಕಳನ್ನೂ ಕಟ್ಟಿಕೊಂಡು ಊರೂರು ತಿರುಗಿದ ಅವರ ಶ್ರಮದ ಫಲ ಗದುಗಿನ ವೀರೇಶ್ವರ ಪುಣ್ಯಾಶ್ರಮ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಭಾರ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ಇಳಿಸಲಿಲ್ಲ. ಅಷ್ಟು ಮಕ್ಕಳ ಊಟ, ಬಟ್ಟೆ, ವಿದ್ಯೆ ನಡೆಯಬೇಕಲ್ಲ! ಪುಟ್ಟರಾಜರು ನಾಟಕ ಬರೆದರು, ಆಶ್ರಮದ ನಾಟಕ ಸಂಘವನ್ನು ನಡೆಸಿದರು. ನಾಟಕ ನೋಡಿ ಮನೆಗೆ ಹೋದವನಿಗೆ ತಾನು ಭಿಕ್ಷೆ ಹಾಕಿದೆನೆಂಬ ಭಾವನೆಯಿರಲಿಲ್ಲ. ಹಾಡು ಕೇಳಿದೆ, ಹೊಟ್ಟೆ ತುಂಬ ನಕ್ಕೆ, ಅತ್ತೆ ಎಂಬ ತೃಪ್ತಿಯಿತ್ತು. ಇನ್ನು ತುಲಾಭಾರ. ತಕ್ಕಡಿಯ ಒಂದು ತಟ್ಟೆಯಲ್ಲಿ ಗವಾಯಿಗಳು, ಮತ್ತೊಂದರಲ್ಲಿ ನಾಣ್ಯ. ಊರೆಲ್ಲ ನೋಡುತ್ತಿರುವಂತೆಯೆ ಅವರು ಕುಳಿತ ತಟ್ಟೆ ಮೆಲ್ಲಗೆ ಮೇಲೇಳುತ್ತದೆ. ಒಂದು ರೂಪಾಯಿ ಹಾಕಿದ ಮುದುಕಿಗೂ, ಆ ಏಳುವಿಕೆಯಲ್ಲಿ ತನ್ನದೊಂದು ಪಾಲುಂಟೆಂಬುದು ಕಣ್ಣಿಗೆ ಕಾಣುತ್ತದೆ. ಕೊಟ್ಟದ್ದು ಎಲ್ಲಿ ಹೋಯಿತೆಂದು ಆಕೆ ಯಾರನ್ನೂ ಕೇಳಬೇಕಾಗಿಲ್ಲ.

ಈಗ 2019ಕ್ಕೆ ಬರುತ್ತೇನೆ. ಒಂದು ಕಡೆ ಮಳೆ, ಇನ್ನೊಂದು ಕಡೆ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು. ಮಲಪ್ರಭೆ ದಂಡೆ ಮೀರಿದಳು. ಪಟ್ಟದಕಲ್ಲಿನ ಗುಡಿಗಳು ನೀರಿನಲ್ಲಿ ನಿಂತ ಚಿತ್ರಗಳನ್ನು ನೀವೂ ನೋಡಿರಬೇಕು. ಕೆಲವರು ನಿವೃತ್ತರು, ನನ್ನ ಹಳೆಯ ವಿದ್ಯಾರ್ಥಿಗಳು ಕೂಡಿ ಒಂದು ಬಳಗ ಕಟ್ಟಿಕೊಂಡೆವು. ಕನ್ನಡದ ಮಾಸ್ತರನೆಂದು ಮನವಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆದೆ, ಕರುಣರಸವನ್ನು ಧಾರಾಳವಾಗಿಯೆ ಸುರಿದೆ. ಏನು ಬೇಕು, ಎಷ್ಟು ಬೇಕು, ಎಲ್ಲಿಗೆ ಬೇಕು, ಯಾವ ದಿನದವರೆಗೆ ಬೇಕು ಎಂಬುದೊಂದೂ ಅದರಲ್ಲಿರಲಿಲ್ಲ. ಮೇಲೆ ತಾರೀಖನ್ನು ಕೂಡ ಹಾಕಿರಲಿಲ್ಲ.

ಜನ ಕೊಟ್ಟರು. ನಮ್ಮ ಸೀಮೆಯ ಜನ ಕೊಡುವುದರಲ್ಲಿ ಯಾವಾಗ ಹಿಂದೆ ಬಿದ್ದಾರೆ? ಊರೂರಿನಿಂದ ರೊಟ್ಟಿಯ ಗಂಟುಗಳು ಬಂದವು. ಅದರ ಬೆನ್ನಿಗೆ ಹಳೆಯ ಬಟ್ಟೆಗಳೂ ಬಂದವು. ಬಂದು ಶಾಲೆಯ ಪಡಸಾಲೆಯಲ್ಲಿ ಒಟ್ಟಲು ಬಿದ್ದವು. ಬೇಕಾಗಿದ್ದುದು ಚಾಪೆ, ಬ್ಯಾಟರಿ, ಹೆಣ್ಣುಮಕ್ಕಳ ಒಳ ಉಡುಪು, ಹುಡುಗರಿಗೆ ಪಾಟಿಚೀಲ. ಅದನ್ನು ಹೇಳಬೇಕಾದವನು ನಾನು, ಹೇಳಿರಲಿಲ್ಲ. ನೀರಿಳಿದು ಜನ ಮನೆಗಳಿಗೆ ಮರಳಿದ ಮೇಲೆ, ದೀಪಾವಳಿಯ ಸುಮಾರಿಗೆ, ಅದೇ ಮನವಿ ಯಾವ ಯಾವುದೋ ಗುಂಪುಗಳನ್ನು ಸುತ್ತಿ ನನ್ನ ಫೋನಿಗೇ ಬಂತು. ಬರೆದವನು ನಾನೆಂದು ತಿಳಿಯದ ಮಹನೀಯರೊಬ್ಬರು ‘ದಯವಿಟ್ಟು ಹತ್ತು ಮಂದಿಗೆ ದಾಟಿಸಿ’ ಎಂದು ಕೆಳಗೆ ಸೇರಿಸಿದ್ದರು!

ಇದು ನಗುವಂಥದು. ಮುಂದಿನದು ಹಾಗಲ್ಲ. ಪುಣೆಯಲ್ಲಿ ನೌಕರಿಯಲ್ಲಿರುವ ನನ್ನ ವಿದ್ಯಾರ್ಥಿಯೊಬ್ಬ ನಲವತ್ತು ಕಂಬಳಿ ಕಳಿಸಿದ. ‘ಸರ್, ಮುಟ್ಟಿದವೇನ್ರಿ?’ ಎಂದು ಕೇಳಿದ. ವಾರ ಬಿಟ್ಟು, ‘ಯಾರಿಗೆ ಕೊಟ್ರಿ ಸರ್?’ ಎಂದ. ಓದಿದೆ. ಓದಿದ್ದೇನೆಂದು ಅವನಿಗೆ ತಿಳಿಸುವ ಎರಡು ನೀಲಿ ಗುರುತುಗಳೂ ಮೂಡಿದವು. ದಣಿದಿದ್ದೆ, ನಾಳೆ ಬರೆದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ. 2020ರ ಲಾಕ್‌ಡೌನಿನಲ್ಲಿ, ಗುಳೆ ಹೋಗಿ ಬರಿಗೈಯಲ್ಲಿ ಮರಳಿದವರ ಸಲುವಾಗಿ ಮತ್ತೆ ಅವನಿಗೆ ಬರೆದಾಗ, ಅವನ ಕಡೆಯಿಂದ ಎರಡು ನೀಲಿ ಗುರುತುಗಳು ಮೂಡಿದವು. ಅಷ್ಟೆ.

ಇನ್ನೊಂದು ಸಂಗತಿ. ನೆರೆಯ ದಿನಗಳಲ್ಲಿ ನಮ್ಮ ಬಳಗದ ಹುಡುಗನೊಬ್ಬ ಚಿತ್ರ ತೆಗೆದ. ಒಬ್ಬ ಹೆಣ್ಣುಮಗಳು ಕೈ ಮುಂದೆ ಚಾಚಿ ಊಟದ ಪೊಟ್ಟಣವನ್ನು ಇಸಿದುಕೊಳ್ಳುತ್ತಿದ್ದಾಳೆ, ಮುಖ ಸ್ಪಷ್ಟವಾಗಿದೆ. ಚಿತ್ರ ಚೆನ್ನಾಗಿತ್ತೆಂಬುದನ್ನು ಒಪ್ಪಬೇಕು. ಫೇಸ್‌ಬುಕ್ಕಿನಲ್ಲಿ ಹಾಕಿದೆವು, ಮೆಚ್ಚುಗೆಯ ಸುರಿಮಳೆಯಾಯಿತು. ಮುಂದಿನ ಜಾತ್ರೆಯಲ್ಲಿ ಆಕೆ ಗುಡಿಯ ಮುಂದೆ ತನ್ನ ಬುಟ್ಟಿಯೊಡನೆ ಕುಳಿತಿದ್ದಳು. ‘ಹೆಂಗಿದ್ದಿಯವ್ವಾ?’ ಎಂದೆ. ಆಕೆ ರೊಟ್ಟಿಯ ಮೇಲೆ ಪಲ್ಯ ಹಾಕಿ ನನ್ನ ಕೈಗೆ ಕೊಟ್ಟು ಹೇಳಿದಳು: ‘ಮಾಸ್ತರ್ರ, ಇಲ್ಲಿ ರೊಟ್ಟಿ ಮಾರಾಕತ್ತು ಇಪ್ಪತ್ತು ವರ್ಷಾತು. ರೊಕ್ಕ ಇಲ್ಲದವ್ರಿಗೂ ಉಣ್ಣಾಕ ಹಾಕೇನಿ. ಅವಾಗ ಒಬ್ರೂ ಫೋಟೊ ತಗೀಲಿಲ್ಲಲ್ರಿ. ಈಗ ನನ್ನ ಮಗಳ ಅತ್ತೀಮನ್ಯಾಗ ಎಲ್ಲಾರೂ ನೋಡ್ಯಾರ.’

ಆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಚಿತ್ರವನ್ನು ನಮ್ಮ ಪುಟದಿಂದ ತೆಗೆಸಿದೆ. ಆದರೆ ನಮ್ಮ ಪುಟದಿಂದ ತೆಗೆದರೆ ಜಗತ್ತಿನಿಂದ ತೆಗೆದಂತಲ್ಲ. ದಾಟಿ ಹೋದದ್ದು ಯಾರ ಯಾರ ಕೈಯಲ್ಲಿಯೋ ಉಳಿದೇ ಇರುತ್ತದೆ.

ಕೇಳುಗರೆ, ಆ ಮೇಲೆ ನಾನು ಬಾದಾಮಿಯ ಮೂರನೆಯ ಗುಹೆಗೆ ಹೋದಾಗ, ಅನೇಕ ವರ್ಷ ವಿದ್ಯಾರ್ಥಿಗಳಿಗೆ ಪಾಠ ಮಾಡಿದ ಮಂಗಳೇಶನ ಕನ್ನಡ ಶಾಸನವನ್ನು ಬೇರೆ ಕಣ್ಣಿನಿಂದ ನೋಡಿದೆ. ಆ ಗುಹೆ ಸಿದ್ಧವಾದದ್ದು 578ರಲ್ಲಿ. ಕಲ್ಮನೆಗೆ ಯಾವ ಊರನ್ನು ಬಿಟ್ಟುಕೊಟ್ಟರೆಂಬುದನ್ನು ಆ ಚಿಕ್ಕ ಶಾಸನ ಹೇಳುತ್ತದೆ. ದೇವರಿಗೆ ಹೂ ಒದಗಿಸುವ ಮಾಲೆಗಾರರನ್ನು ಕೂಡ ಮರೆಯುವುದಿಲ್ಲ. ಕೊಟ್ಟವರು ಯಾರು, ಕೊಟ್ಟದ್ದೇನು, ಯಾರಿಗೆ, ಯಾತಕ್ಕೆ—ಇಷ್ಟನ್ನೂ ಹೋಗಿಬರುವವರ ಕಣ್ಣಿಗೆ ಬೀಳುವಂತೆ ಬರೆದಿಡುವುದು ನಮ್ಮ ನಾಡಿಗೆ ಹೊಸತಲ್ಲ. ಕಲ್ಲಿನಲ್ಲಿ ಕೊರೆಯುವಷ್ಟು ಕಷ್ಟಪಟ್ಟವರು ಲೆಕ್ಕ ಹೇಳಿದರು. ಬೆರಳಾಡಿಸಿದರೆ ಸಾಕಾಗುವ ನಾವು ಹೇಳಲಿಲ್ಲ.

ನಮ್ಮ ಬಳಗ ಈಗ ಕೆಲವು ರೂಢಿಗಳನ್ನು ಮಾಡಿಕೊಂಡಿದೆ. ಮನವಿಯ ಮೊದಲ ಸಾಲಿನಲ್ಲಿ ತಾರೀಖು, ಕೊನೆಯಲ್ಲಿ ಅದು ಯಾವ ದಿನ ಮುಗಿಯುತ್ತದೆಂಬುದು. ಬೇಕಾದ ವಸ್ತುಗಳ ಹೆಸರು ಮತ್ತು ಎಣಿಕೆ. ಸಾಕಾದ ಕೂಡಲೆ ‘ಸಾಕು, ಇನ್ನು ಕಳಿಸಬೇಡಿ’ ಎಂಬ ಇನ್ನೊಂದು ಸಂದೇಶ. ಇದನ್ನು ಕಳಿಸುವಾಗ ಕೈ ಹಿಂಜರಿಯುತ್ತದೆ, ಆದರೆ ನಮ್ಮ ಮಾತಿಗೆ ತೂಕ ಬಂದದ್ದು ಇದರಿಂದಲೆ ಎಂದು ನನ್ನ ಎಣಿಕೆ. ಹಣವನ್ನು ಯಾವನೊಬ್ಬನ ಖಾತೆಗೂ ಇಸಿದುಕೊಳ್ಳುವುದಿಲ್ಲ. ಬಳಗದ ಹೆಸರಿನ ಖಾತೆಗೆ ಮಾತ್ರ. ಕಳಿಸುವ ಮುನ್ನ ತೆರೆಯ ಮೇಲೆ ಬಳಗದ ಹೆಸರು ಮೂಡಿದೆಯೆ ಎಂದು ನೋಡಿಕೊಳ್ಳಿ ಎಂದೂ ತಿಳಿಸುತ್ತೇವೆ. ಬೇರೆಯವರ ಕ್ಯೂಆರ್ ಚೌಕವನ್ನು ಅಂಟಿಸಿ ಮೋಸ ಮಾಡುವವರಿಗೆ ಈಗ ಬರವಿಲ್ಲ.

ಈ ಯಂತ್ರಗಳ ಸ್ವಭಾವವನ್ನೂ ತಕ್ಕಮಟ್ಟಿಗೆ ತಿಳಿದುಕೊಳ್ಳಬೇಕಾಯಿತು. ಫೇಸ್‌ಬುಕ್ಕಿನಲ್ಲಿ ಸಾವಿರ ಜನ ನಮ್ಮ ಪುಟವನ್ನು ಮೆಚ್ಚಿದ್ದರೆ, ಬರೆದದ್ದು ಸಾವಿರ ಜನಕ್ಕೂ ಕಾಣುತ್ತದೆಂದು ನಾನು ತಿಳಿದಿದ್ದೆ. ಇಲ್ಲ, ಯಾರಿಗೆ ಯಾವುದನ್ನು ತೋರಿಸಬೇಕೆಂಬುದು ಆ ಕಂಪನಿಯ ಗಣಿತ. ವಾಟ್ಸ್‌ಆ್ಯಪಿನಲ್ಲಿ ಒಂದೇ ಸಲಕ್ಕೆ ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪ್ರಸಾರಪಟ್ಟಿಯೊಂದಿದೆ. ಅದು ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಹೆಸರು ಸಹಿತ ಬರೆದಿಟ್ಟುಕೊಂಡವರಿಗಷ್ಟೆ ಮುಟ್ಟುತ್ತದೆ. ಮೊದಲು ಇದೊಂದು ತೊಡಕೆನಿಸಿತು. ಈಗ ಹಾಗನ್ನಿಸುವುದಿಲ್ಲ. ಪರಿಚಯವಾದ ಮೇಲೆಯೆ ಕೇಳಬೇಕೆಂಬ ಮರ್ಯಾದೆಯನ್ನು ಯಂತ್ರವೆ ಕಲಿಸಿದಂತಾಯಿತು. ಗುಂಪು ಮಾಡುವುದು ಸುಲಭ, ಆದರೆ ಬೆಳಗಾದರೆ ಹೂಗಳ ಚಿತ್ರ, ರಾತ್ರಿಯಾದರೆ ರಾಜಕೀಯದ ಜಗಳ. ನಡುವೆ ನಮ್ಮ ಮಾತು ಯಾರಿಗೆ ಕೇಳಬೇಕು?

ತುಲಾಭಾರದ ಮುದುಕಿಗೆ ಸಿಕ್ಕ ಆ ಪಾಲುಗಾರಿಕೆ ಈ ಮಾಧ್ಯಮದಲ್ಲಿಯೂ ಸಾಧ್ಯವೆಂಬುದಕ್ಕೆ ಉದಾಹರಣೆಗಳಿಲ್ಲದೆ ಇಲ್ಲ. 2014ರಲ್ಲಿ ಅಮೆರಿಕದಲ್ಲಿ ಒಂದು ನರರೋಗದ ಸಂಶೋಧನೆಗಾಗಿ ತಲೆಯ ಮೇಲೆ ಹಿಮದ ನೀರು ಸುರಿದುಕೊಳ್ಳುವ ಸವಾಲು ಜಗತ್ತನ್ನೆಲ್ಲ ಸುತ್ತಿತು. ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಲಾನಿಧಿಯವರು ಅದನ್ನು ನೋಡಿ, ನೀರಿನ ಬದಲು ಒಂದು ಬುಟ್ಟಿ ಅಕ್ಕಿಯನ್ನು ಹಸಿದವರಿಗೆ ಕೊಡುವ ಸವಾಲನ್ನು ಫೇಸ್‌ಬುಕ್ಕಿನಲ್ಲಿ ಹೂಡಿದರು. ಅದೂ ದೇಶದ ತುಂಬ ಹಬ್ಬಿತು. ಹಿಡಿ ಜೋಳ, ಹಿಡಿ ಅಕ್ಕಿ ತೆಗೆದಿಡುವ ನಮ್ಮ ಅಜ್ಜಿಯಂದಿರಿಗೆ ಇದು ಸವಾಲೆಂದು ಅನ್ನಿಸುತ್ತಿರಲಿಲ್ಲ, ಅದು ಬೇರೆ ಮಾತು.

ಈಚೆಗೆ ನಾವು ಕೈಗೆತ್ತಿಕೊಂಡಿರುವುದು ಮಕ್ಕಳಿಗೊಂದು ಓದುಮನೆ. ತಿಂಗಳಿಗೊಮ್ಮೆ ಪಟ್ಟಿ ಕಳಿಸುತ್ತೇವೆ: ಬಂದ ಪುಸ್ತಕಗಳು, ಆದ ಖರ್ಚು, ಕೊಟ್ಟವರ ಹೆಸರುಗಳು. ಹೆಸರುಗಳ ಮುಂದೆ ಮೊತ್ತ ಹಾಕುವುದಿಲ್ಲ. ಮಕ್ಕಳ ಮುಖವನ್ನೂ ತೋರಿಸುವುದಿಲ್ಲ. ಓದಿದ್ದನ್ನು ಅವರೇ ಒಂದೆರಡು ಮಾತಿನಲ್ಲಿ ಹೇಳಿದ ಧ್ವನಿಯನ್ನು ಕಳಿಸುತ್ತೇವೆ. ಪುಣೆಯ ವಿದ್ಯಾರ್ಥಿಗೆ ಮೊದಲು ನಾನು ಪಟ್ಟಿ ಕಳಿಸಲಿಲ್ಲ. ನಲವತ್ತು ಕಂಬಳಿ ಯಾವ ಯಾವ ಓಣಿಗೆ ಹೋದವೆಂದು ವಿಚಾರಿಸಿ, ಮೂವತ್ತಾರರ ಲೆಕ್ಕ ಸಿಕ್ಕಿತು, ನಾಲ್ಕರದು ಸಿಗಲಿಲ್ಲ ಎಂದು ಬರೆದೆ. ‘ಆತ್ರಿ ಸರ್’ ಎಂದು ಉತ್ತರ ಬಂತು. ಇನ್ನೂ ಏನನ್ನೂ ಕಳಿಸಿಲ್ಲ, ನಾನೂ ಕೇಳಿಲ್ಲ.

ರೊಟ್ಟಿಯ ಆ ತಾಯಿ ಒಂದು ದಿನ ಓದುಮನೆಗೆ ಬಂದು ಐವತ್ತು ರೂಪಾಯಿ ಕೊಟ್ಟು, ‘ನನ್ನ ಹೆಸರೂ ಬರ್ಕೋರಿ ಮಾಸ್ತರ್ರ’ ಎಂದಳು. ಆಕೆಗೆ ಓದಲು ಬರುವುದಿಲ್ಲ. ಆದ್ದರಿಂದ ಆ ತಿಂಗಳ ಪಟ್ಟಿಯನ್ನು ನಾನೆ ಓದಿ, ಧ್ವನಿಯಾಗಿ ಆಕೆಯ ಮಗನ ಫೋನಿಗೆ ಕಳಿಸಿದೆ. ಮರುದಿನ ಗುಡಿಯ ಮುಂದೆ ಆಕೆ ಅದನ್ನು ಪಕ್ಕದ ಬುಟ್ಟಿಯವರಿಗೆ ಕೇಳಿಸುತ್ತಿದ್ದಳು. ತನ್ನ ಹೆಸರು ಬರುವವರೆಗೆ ಗಿರಾಕಿಯೊಬ್ಬನನ್ನು ಸುಮ್ಮನೆ ನಿಲ್ಲಿಸಿಕೊಂಡಿದ್ದಳು.