ಎರಡಡಿ ರೆಕ್ಕೆಯ ವಿಮಾನ

ಕನ್ನಡ ಪಾಠ ಹೇಳುವ ಮೇಷ್ಟರಿಗೆ ವಿಮಾನದ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣವನ್ನು ಹೇಳಿಬಿಡುತ್ತೇನೆ. ಒಂದು ಭಾನುವಾರ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಶಾಲೆಯ ಬಯಲಿನಲ್ಲಿ ರೇಡಿಯೋ ಹತೋಟಿಯ ಪುಟ್ಟ ವಿಮಾನವನ್ನು ಹಾರಿಸಿದ. ಬಯಲಿನ ಬೀಗ ತೆಗೆಸಿಕೊಟ್ಟವನು ನಾನೇ. ದೂರ ಹೋಗುವಾಗ ಹೇಳಿದಂತೆ ಕೇಳಿದ ವಿಮಾನ, ನಮ್ಮ ಕಡೆಗೆ ಮುಖ ತಿರುಗಿಸಿದೊಡನೆ ವಾಲಿತು. ಹುಡುಗ ಸರಿಪಡಿಸಹೋದಷ್ಟೂ ಇನ್ನಷ್ಟು ವಾಲಿತು. ಕೊನೆಗೆ, ಬೇಲಿಯ ಬಳಿ ಕುಳಿತಿದ್ದ ಮಕ್ಕಳಿಂದ ನಾಲ್ಕು ಮಾರು ಆಚೆ ನೆಲಕ್ಕೆ ಬಡಿದು ಚೂರಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ವಿಜ್ಞಾನದ ಮೇಷ್ಟರು ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದರು. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಆ ವೇಗದಲ್ಲಿ ಬರುವ ಅರ್ಧ ಕಿಲೋ ವಿಮಾನಕ್ಕೂ, 10 ಮೀಟರ್ ಎತ್ತರದಿಂದ ಬೀಳುವ ಎರಡು ಕಿಲೋ ಕಲ್ಲಿಗೂ ಶಕ್ತಿ ಹೆಚ್ಚುಕಡಮೆ ಒಂದೇ. ಸಾಲದೆಂಬಂತೆ ಮುಂದೆ ತಿರುಗುವ ಪ್ರೊಪೆಲರ್ ಬೇರೆ. ಆಟಿಕೆ ಎಂಬ ಶಬ್ದವೇ ಇಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ.

ಹುಡುಗನ ತಪ್ಪು ಎಲ್ಲಿತ್ತು? ನಾಟಕದಲ್ಲಿ ನಮಗೆ ಎದುರಾಗಿ ನಿಂತ ನಟನ ಬಲಗೈ ನಮ್ಮ ಎಡಕ್ಕಿರುತ್ತದಲ್ಲವೆ? ನಮ್ಮತ್ತ ಬರುವ ವಿಮಾನಕ್ಕೂ ಹಾಗೆಯೇ. ಅದರ ಉಪಾಯ ಬಲು ಸರಳ: ಎದುರು ಬರುವ ವಿಮಾನದ ಯಾವ ರೆಕ್ಕೆ ತಗ್ಗಿದೆಯೆಂದು ಕಾಣುತ್ತದೆಯೋ ಆ ಕಡೆಗೇ ಸನ್ನೆಕಡ್ಡಿಯನ್ನು ಒತ್ತಬೇಕು, ರೆಕ್ಕೆ ಮೇಲೇಳುತ್ತದೆ. ಆದರೆ ಇದು ಬಾಯಿಪಾಠದಿಂದ ಬರುವುದಲ್ಲ, ಕೈಗೆ ಹತ್ತಬೇಕು. ಆದ್ದರಿಂದ ಮೊದಲು ಕಂಪ್ಯೂಟರಿನ ಅಣಕು ಹಾರಾಟ, ಆಮೇಲೆ ಮೆಲ್ಲನೆ ಹಾರುವ ಹಗುರ ವಿಮಾನ, ವೇಗದ್ದು ಕಡೆಗೆ.

ದೂರವೂ ಕಣ್ಣನ್ನು ವಂಚಿಸುತ್ತದೆ. ಎರಡಡಿ ರೆಕ್ಕೆ 100 ಮೀಟರ್ ಆಚೆ, ಚಾಚಿದ ಕೈಯಲ್ಲಿನ ಅಕ್ಕಿಕಾಳಿಗಿಂತ ಚಿಕ್ಕದಾಗಿ ಕಾಣುತ್ತದೆ. ಅಷ್ಟು ದೂರ ಹೋಗಲು ಅದಕ್ಕೆ ನಾಲ್ಕು ಸೆಕೆಂಡು ಸಾಕು. ಮೇಲ್ಭಾಗಕ್ಕೂ ತಳಕ್ಕೂ ಬೇರೆ ಬೇರೆ ಬಣ್ಣ ಬಳಿದರೆ ವಾಲಿದ ದಿಕ್ಕು ತಿಳಿಯುತ್ತದೆ. ಇಳಿಸುವಾಗ ಗಾಳಿಗೆ ಎದುರಾಗಿ ತನ್ನಿ. ವೇಗ ಕುಗ್ಗಿದ ಮೇಲೆ ಬಿಗಿಯಾಗಿ ತಿರುಗಿಸಬೇಡಿ. ಎತ್ತರ ಬಿಡದೆ 60 ಡಿಗ್ರಿ ವಾಲಿಸಿ ತಿರುಗಿಸಿದರೆ ರೆಕ್ಕೆಯ ಮೇಲಿನ ಹೊರೆ ಇಮ್ಮಡಿಯಾಗುತ್ತದೆ, ವಿಮಾನ ಬಾನಿನಿಂದ ಜಾರುತ್ತದೆ.

ಹಾರುವ ಮುನ್ನ ಟ್ರಾನ್ಸ್‌ಮಿಟರ್ ಹಾಕಿ, ಆಮೇಲೆ ವಿಮಾನದ ಬ್ಯಾಟರಿ ಜೋಡಿಸಿ. ಇಳಿದಾಗ ಬ್ಯಾಟರಿ ಮೊದಲು ತೆಗೆಯಿರಿ. ಪ್ರೊಪೆಲರ್ ಬಿಚ್ಚಿಟ್ಟು, ಟ್ರಾನ್ಸ್‌ಮಿಟರ್ ಆರಿಸಿ ನೋಡಿ: ಸಂಕೇತ ತಪ್ಪಿದೊಡನೆ ಮೋಟಾರು ನಿಲ್ಲದಿದ್ದರೆ ಆ ದಿನ ಹಾರಾಟ ಬೇಡ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮತ್ತೆ ಬಳಸಕೂಡದು. ಪೆಟ್ಟು ತಿಂದದ್ದು ಸ್ವಲ್ಪ ಹೊತ್ತಿನ ಮೇಲೂ ಹೊತ್ತಿಕೊಳ್ಳಬಹುದು. ಜನರ ತಲೆಯ ಮೇಲಂತೂ ಹಾರಿಸಲೇಬಾರದು. 2021ರ ಡ್ರೋನ್ ನಿಯಮಗಳಂತೆ ಆಕಾಶಕ್ಕೂ ಹಸಿರು, ಹಳದಿ, ಕೆಂಪು ವಲಯಗಳುಂಟು. ಬಯಲು ಗೊತ್ತುಮಾಡುವ ಮೊದಲು ನಕ್ಷೆ ನೋಡಿ.

ಆ ಹುಡುಗ ಮೆಲ್ಲನೆಯ ವಿಮಾನದಲ್ಲಿ ಕಲಿತ. ಪಕ್ಕದಲ್ಲಿ ಕಾವಲಿಗೆ ಒಬ್ಬ ಗೆಳೆಯನನ್ನು ನಿಲ್ಲಿಸಿಕೊಳ್ಳುತ್ತಾನೆ. ಮೊನ್ನೆ ವೇಗದ ವಿಮಾನವನ್ನು ಮತ್ತೆ ತಂದಿದ್ದ. ಬಯಲಿನ ಧೂಳು ಎದ್ದು ಸುತ್ತುತ್ತಿತ್ತು. “ಇವತ್ತು ಬೇಡ ಸಾರ್, ಗಾಳಿ ಜಾಸ್ತಿ” ಎಂದು ಚೀಲದ ಬಾಯಿ ಬಿಚ್ಚದೆ ಮನೆಗೆ ಹೋದ.