ಎರಡು ವಾರದಲ್ಲಿ ಕೈ ಪಳಗದು



  ಈ ಸಮ್ಮೇಳನದ ಪೀಠದಿಂದ ಹೇಳಲು ನನ್ನ ಬಳಿ ಇರುವುದು ಒಂದೇ ಮಾತು. ನೇರ ಅದಕ್ಕೇ ಬರುತ್ತೇನೆ.

ಮೂಳೆ ಶಸ್ತ್ರಚಿಕಿತ್ಸೆ, ಅಂದರೆ ಆರ್ಥೋ, ಮಾಡಬೇಕೆಂದು ಆಸೆಪಟ್ಟ ವಿದ್ಯಾರ್ಥಿಗೆ ಎಂಬಿಬಿಎಸ್ ಕೊನೆಯ ಹಂತದ ಹೌಸ್ ಸರ್ಜನ್‌ಶಿಪ್‌ನಲ್ಲಿ ನಾವು ಆರ್ಥೋ ತೋರಿಸುವುದು ಎಷ್ಟು ದಿನ? 1997ರ ವೈದ್ಯಕೀಯ ಶಿಕ್ಷಣ ನಿಯಮದಲ್ಲಿ ಅದಕ್ಕೆ 1 ತಿಂಗಳಿತ್ತು. 2021ರ ನಿಯಮದಲ್ಲಿ 2 ವಾರ. ಜನರಲ್ ಸರ್ಜರಿಗೆ 6 ವಾರ, ಅರಿವಳಿಕೆಗೆ 2, ಕ್ಯಾಶುವಾಲ್ಟಿಗೆ 2, ಸಮುದಾಯ ವೈದ್ಯಕೀಯಕ್ಕೆ 12. ಆ 12 ವಾರಗಳ ಮೇಲೆ ನನಗೆ ಮುನಿಸಿಲ್ಲ. ಹಳ್ಳಿಯ ಪಿಎಚ್‌ಸಿ ನೋಡದ ವೈದ್ಯ ಅರ್ಧ ವೈದ್ಯ.

ಆದರೆ ಆರ್ಥೋದ ಆ 2 ವಾರವಾದರೂ ಕೈಗೆ ಸಿಗುತ್ತದೆಯೇ? ನಾನು ಕಂಡಂತೆ ಪೋಸ್ಟಿಂಗ್ ಪಟ್ಟಿ ರೋಲ್ ನಂಬರಿನ ಮೇಲೆ ಹೋಗುತ್ತದೆ. ಒಬ್ಬಳಿಗೆ ಹೊಲಿಗೆ ಹಾಕಲು ಕಲಿಯುವ ಮೊದಲೇ ಆರ್ಥೋ. ಇನ್ನೊಬ್ಬನಿಗೆ ಸ್ನಾತಕೋತ್ತರ (ಪಿಜಿ) ಪ್ರವೇಶ ಪರೀಕ್ಷೆ ನೀಟ್-ಪಿಜಿ ಹತ್ತಿರ ಬಂದಾಗ. ಅವನು ಹಾಜರಿಗೆ ಸಹಿ ಹಾಕಿ ಲೈಬ್ರರಿಗೆ ಓಡುತ್ತಾನೆ. ಓಡದೆ ಉಳಿದವರಿಗೆ ಲ್ಯಾಬಿಗೆ ಸ್ಯಾಂಪಲ್ ಒಯ್ಯುವ ಕೆಲಸ, ಡಿಸ್ಚಾರ್ಜ್ ಸಮ್ಮರಿ ಬರೆಯುವ ಕೆಲಸ. ಆಪರೇಷನ್ ಥಿಯೇಟರಿನ ಬಾಗಿಲು ದಾಟುವ ಮೊದಲೇ 14 ದಿನ ಮುಗಿದಿರುತ್ತದೆ.

ಓಡಿದವನನ್ನು ನಾನು ಬೈಯುವುದಿಲ್ಲ. ಆರ್ಥೋ ಸೀಟು ಬೇಕಾದರೆ ಮೂರೂವರೆ ಗಂಟೆಯಲ್ಲಿ 200 ಪ್ರಶ್ನೆಗೆ ಉತ್ತರ ಗುರುತಿಸಬೇಕು. ಕೈಗೆ ಏನು ಬರುತ್ತದೆಂದು ಆ ಪರೀಕ್ಷೆ ಕೇಳುವುದೇ ಇಲ್ಲ. ಅದರ ದಿನಾಂಕವನ್ನಾದರೂ ನಂಬಬಹುದೇ? 2024ರಲ್ಲಿ ಜೂನ್ 23ರ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿ ಆಗಸ್ಟ್ 11ಕ್ಕೆ ನಡೆಸಿದರು. 2025ರಲ್ಲಿ ಜೂನ್ 15 ಎಂದದ್ದು ಆಗಸ್ಟ್ 3 ಆಯಿತು. ಈ ಮಕ್ಕಳು ಯಾವ ತಿಂಗಳಿಗೆ ಏನನ್ನು ಹೊಂದಿಸಿಕೊಳ್ಳಬೇಕು?

ಒಂದು ಸಂಜೆ ಅಂಗಳದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ ಅಜ್ಜಿ ಬಂದರು. ಪ್ಲಾಸ್ಟರ್ ಸ್ಲ್ಯಾಬ್ ಹಾಕು ಎಂದು ಹೌಸ್ ಸರ್ಜನ್ ಹುಡುಗಿಗೆ ಹೇಳಿದೆ. ಪ್ಲಾಸ್ಟರ್ ನೀರಿಗಿಳಿದಾಗ ಗುಳ್ಳೆ ಏಳುವುದು ನಿಲ್ಲುವ ತನಕ ಕಾಯಬೇಕು. ಅವಳು ಕಾಯಲಿಲ್ಲ, ಒಳಗಿನ ಒಣ ಪುಡಿ ಅಲ್ಲೇ ಉದುರಿತು. ಎರಡನೆಯದನ್ನು ಬೆರಳ ತುದಿಯಿಂದ ಒತ್ತಿದಳು. ಆ ಗುಳಿ ಹಾಗೇ ಗಟ್ಟಿಯಾದರೆ ಒಳಗೆ ಚರ್ಮ ಹುಣ್ಣಾಗುತ್ತದೆ, ಅಂಗೈಯಿಂದ ಸವರಮ್ಮ ಎಂದು ಅದನ್ನು ತೆಗೆಸಿದೆ. ಮೂರನೆಯದು ಚೆನ್ನಾಗಿ ಕೂತಿತು. ಕೈ ತೊಳೆಯುತ್ತಾ ಅವಳು ಅಂದಳು: “ಸರ್, ನನಗೆ ಪಿಜಿಯಲ್ಲಿ ಆರ್ಥೋನೇ ಬೇಕು. ಆದ್ರೆ ಪೋಸ್ಟಿಂಗ್ ನಾಳೆ ಮುಗಿಯುತ್ತೆ.”

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆಗ ನಾನಿದ್ದ ಕಾಲೇಜಿನಲ್ಲಿ, ಪಟ್ಟಿ ಮಾಡುವ ಮುನ್ನ ಮಕ್ಕಳ ಆಯ್ಕೆ ಕೇಳಿ ಎಂದು ಟಿಪ್ಪಣಿ ಕೊಟ್ಟೆ. ‘ಎಲ್ಲರೂ ಕೇಳಿದ್ದನ್ನು ಕೊಟ್ಟರೆ ವಾರ್ಡ್ ನೋಡುವವರು ಯಾರು?’ ಎಂಬ ಷರಾ ಬಿದ್ದು ಕಡತ ಮೂರು ಸಲ ವಾಪಸಾಯಿತು. ನಾಲ್ಕನೆಯ ಸಲ ಸಭೆಯಲ್ಲೇ ದನಿ ಏರಿಸಿದೆ. ಅಂದಿನಿಂದ ಹಳೆಯ ಗೆಳೆಯರೊಬ್ಬರು ನನ್ನ ಜೊತೆ ಮಾತು ಬಿಟ್ಟರು. ಆ ನಷ್ಟದ ನೋವಿದೆ, ಆಡಿದ ಮಾತಿನ ಬಗ್ಗೆ ಪಶ್ಚಾತ್ತಾಪವಿಲ್ಲ. ವಾರ್ಡಿಗೆ ಜನ ಸಾಲದಿದ್ದರೆ ಜನರನ್ನು ನೇಮಿಸಿ. ಕಲಿಯಲು ಬಂದವರ ದಿನಗಳನ್ನು ಆ ಕೊರತೆಗೆ ತುಂಬಬೇಡಿ.

ನಾನು ಕೇಳುವುದು ಇಷ್ಟು. ಹೌಸ್ ಸರ್ಜನ್‌ಶಿಪ್ ಶುರುವಾಗುವ 30 ದಿನ ಮುಂಚೆ ಪ್ರತಿಯೊಬ್ಬರಿಂದ ಎರಡು ಇಷ್ಟದ ವಿಭಾಗಗಳನ್ನು ಬರೆಸಿಕೊಳ್ಳಿ. ವಾರಗಳ ಲೆಕ್ಕ ಬದಲಾಗುವುದಿಲ್ಲ, ಸರದಿ ಮಾತ್ರ ಬದಲಾಗುತ್ತದೆ. ಶಸ್ತ್ರಚಿಕಿತ್ಸೆಯ ಕಡೆ ಹೋಗುವವರಿಗೆ ಅರಿವಳಿಕೆ, ಕ್ಯಾಶುವಾಲ್ಟಿ, ಜನರಲ್ ಸರ್ಜರಿ ಮೊದಲು ಬರಲಿ, ಆರ್ಥೋ ನಂತರ. ರಕ್ತನಾಳಕ್ಕೆ ಲೈನ್ ಹಾಕುವುದು, ಹೊಲಿಗೆ, ಗಂಟು ಮೊದಲೇ ಕೈಗೆ ಬಂದಿದ್ದರೆ ಆ 2 ವಾರ ಮೂಳೆಗೇ ಮೀಸಲಾಗುತ್ತದೆ. ಐಚ್ಛಿಕ 4 ವಾರಗಳಲ್ಲಿ ರೇಡಿಯಾಲಜಿಯಂಥ, ಮುಂದೆ ಒದಗುವ ವಿಭಾಗ ಸಿಗಲಿ. ಲಾಗ್‌ಬುಕ್‌ಗೆ ಸಹಿ ಹಾಕುವವರು ಕೆಲಸವನ್ನು ಕಣ್ಣಾರೆ ಕಂಡು ಹಾಕಲಿ. ಇನ್ನು ದಿಲ್ಲಿಯಿಂದ ಆಗಬೇಕಾದದ್ದು: ನಿಯಮದಲ್ಲೇ ಆರ್ಥೋಗೆ ಮತ್ತೆ 1 ತಿಂಗಳು ಬರಲಿ. ಪರೀಕ್ಷೆಯ ದಿನಾಂಕ ವರ್ಷ ಮುಂಚೆ ಪ್ರಕಟವಾಗಿ ಕದಲದೆ ನಿಲ್ಲಲಿ. ಪಿಜಿ ಆಯ್ಕೆಯಲ್ಲಿ ಕೈಗೂ ಒಂದಷ್ಟು ಅಂಕ ಸಿಗುವ ದಿನವನ್ನು ನಾನು ನೋಡುವಂತಾಗಲಿ.

ಹಿಂದಿನ ಸಾಲುಗಳಲ್ಲಿ ಕೂತಿರುವ ಹೌಸ್ ಸರ್ಜನ್ ಮಕ್ಕಳೇ, ಅಲ್ಲಿಯವರೆಗೆ ಸುಮ್ಮನೆ ಕೂರಬೇಡಿ. ಪಟ್ಟಿ ಅಂತಿಮವಾಗುವ ಮುನ್ನವೇ ಹೋಗಿ ಕೇಳಿ. ಮಂಚದ ಕಂಬಿಗೆ ದಾರ ಕಟ್ಟಿ ಗಂಟು ಅಭ್ಯಾಸ ಮಾಡಿ. ಕ್ಯಾಶುವಾಲ್ಟಿ ರಾತ್ರಿಗಳಲ್ಲಿ ಬಿಡುವಾದಾಗ ಪ್ಲಾಸ್ಟರ್ ಕೋಣೆಗೆ ಹೋಗಿ ಟೆಕ್ನಿಷಿಯನ್ ಪಕ್ಕ ನಿಲ್ಲಿ. ನಾನೂ ಕಲಿತದ್ದು ಅಂಥವರೊಬ್ಬರಿಂದ.

ಸಹೋದ್ಯೋಗಿಗಳೇ, ಪಟ್ಟಿಯ ಸರದಿ ಬದಲಿಸಲು ದಿಲ್ಲಿಯತ್ತ ನೋಡಬೇಕಿಲ್ಲ, ನಮ್ಮ ನಮ್ಮ ಕಾಲೇಜಿನಲ್ಲೇ ಆಗುವ ಕೆಲಸ. ಇಂದು ಸಂಜೆಯ ನಿರ್ಣಯಗಳಲ್ಲಿ ಅದೇ ಮೊದಲನೆಯದಾಗಲಿ.