ಕೊಟ್ಟದ್ದನ್ನು ಕಿತ್ತುಕೊಳ್ಳದಿರುವುದು



ಕೋಲಾರ ತಾಲ್ಲೂಕಿನ ವಕ್ಕಲೇರಿ ಎಂದೊಡನೆ ನಿಮ್ಮಲ್ಲಿ ಹಲವರಿಗೆ ಮಾರ್ಕಂಡೇಶ್ವರನ ಬೆಟ್ಟ ನೆನಪಾಗಬಹುದು. ಇತಿಹಾಸದ ವಿದ್ಯಾರ್ಥಿಗಳಿಗೆ ಈ ಊರು ಇನ್ನೊಂದು ಕಾರಣಕ್ಕೂ ಪರಿಚಿತ. ಬಾದಾಮಿ ಚಾಲುಕ್ಯರ ಕೊನೆಯ ದೊರೆ ಇಮ್ಮಡಿ ಕೀರ್ತಿವರ್ಮನ ತಾಮ್ರಶಾಸನ ದೊರೆತದ್ದು ಇಲ್ಲಿ. ಶಕವರ್ಷ 679, ಅಂದರೆ ಕ್ರಿ.ಶ. 757ರ ಈ ಸಂಸ್ಕೃತ ಶಾಸನವನ್ನು ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಸಂಪಾದಿಸಿ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದರು. ಆತ್ಮ, ಪುನರ್ಜನ್ಮ, ಧರ್ಮ ಎಂಬ ದೊಡ್ಡ ಮಾತುಗಳನ್ನು ಈ ತಾಮ್ರಪಟಗಳ ಮೂಲಕ ನೋಡೋಣವೇ?

ಭೀಮಾ ನದಿಯ ಉತ್ತರ ದಡದಲ್ಲಿ ಬೀಡುಬಿಟ್ಟಿದ್ದ ದೊರೆ, ಹಾನಗಲ್ ಸೀಮೆಯ ಹಳ್ಳಿಯೊಂದನ್ನು ದಾನ ಕೊಟ್ಟದ್ದನ್ನು ಶಾಸನ ಹೇಳುತ್ತದೆ. ಅವನ ತಂದೆ ಇಮ್ಮಡಿ ವಿಕ್ರಮಾದಿತ್ಯನ ಕಥೆಯೂ ಅದರಲ್ಲಿದೆ. ಪಲ್ಲವರನ್ನು ಗೆದ್ದು ಕಂಚಿಯನ್ನು ಹೊಕ್ಕ ಆತ ನಗರವನ್ನು ಹಾಳುಗೆಡವಲಿಲ್ಲ. ಪಲ್ಲವ ದೊರೆ ಕಟ್ಟಿಸಿದ್ದ ರಾಜಸಿಂಹೇಶ್ವರ ದೇವಾಲಯದ ಹೊನ್ನನ್ನು ದೇವರಿಗೇ ಹಿಂದಿರುಗಿಸಿದ. ಇಂದು ಕೈಲಾಸನಾಥ ಎಂದು ಕರೆಯುವ ಆ ಗುಡಿಯಲ್ಲಿರುವ ಕನ್ನಡ ಶಾಸನವೂ ಇದಕ್ಕೆ ಸಾಕ್ಷಿ. ಹಗೆಯ ದಾನವೂ ದಾನವೇ ಎಂದು ಗೆದ್ದವನು ಒಪ್ಪಿದ.

ಆದರೆ ಮಗನ ಕಾಲಕ್ಕೆ ಗಾಳಿ ತಿರುಗಿತ್ತು. ರಾಷ್ಟ್ರಕೂಟರ ದಂತಿದುರ್ಗ ಚಾಲುಕ್ಯರ ಬಲವನ್ನು ಮುರಿದಿದ್ದ. ಸಿಂಹಾಸನವೇ ಅಲುಗುತ್ತಿರುವಾಗ ಕೊಟ್ಟ ದಾನವನ್ನು ಮುಂದೆ ಕಾಯುವವರು ಯಾರು?

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡಿದ್ದ ಉಪಾಯ ವಿಚಿತ್ರವಾದುದು. ಹಳೆಯ ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶಾಪವಿರುತ್ತದೆ. ದಾನ ಕೊಟ್ಟವನು ತಾನೇ ಇರಲಿ, ಬೇರೆಯವನಿರಲಿ, ಆ ಭೂಮಿಯನ್ನು ಕಿತ್ತುಕೊಂಡವನಿಗೆ ಅರವತ್ತು ಸಾವಿರ ವರ್ಷ ಹೊಲಸಿನ ಹುಳುವಿನ ಬಾಳು! ಕತ್ತಿ ಕಾಯಲಾರದ್ದನ್ನು ಕರ್ಮ ಕಾಯಲಿ ಎಂಬ ನಂಬಿಕೆ ಅದು.

ಕರ್ಮವನ್ನು ನಮ್ಮವರು ಮೂರಾಗಿ ವಿಂಗಡಿಸಿದ್ದಾರೆ. ಕೂಡಿಟ್ಟದ್ದು ಸಂಚಿತ, ಫಲ ಕೊಡಲು ತೊಡಗಿದ್ದು ಪ್ರಾರಬ್ಧ, ಈಗ ಮಾಡುತ್ತಿರುವುದು ಆಗಾಮಿ. ಕೋಲಾರದ ರೈತನ ಲೆಕ್ಕದಲ್ಲಿ ಹೇಳುವುದಾದರೆ, ಕಣಜದಲ್ಲಿರುವ ರಾಗಿ ಸಂಚಿತ, ಮುದ್ದೆಯಾಗಿ ತಟ್ಟೆಗೆ ಬಂದದ್ದು ಪ್ರಾರಬ್ಧ, ಹೊಲಕ್ಕೆ ಇಂದು ಬಿತ್ತುವುದು ಆಗಾಮಿ. ತಟ್ಟೆಗೆ ಬಂದದ್ದನ್ನು ಉಣ್ಣಲೇಬೇಕು. ಬಿತ್ತುವುದು ಮಾತ್ರ ನಮ್ಮ ಕೈಯಲ್ಲಿದೆ.

ನಾನು ವಿಜ್ಞಾನ ಓದಿದವನು. ಶಕ್ತಿಗೆ ನಾಶವಿಲ್ಲ, ಆದ್ದರಿಂದ ಆತ್ಮಕ್ಕೂ ನಾಶವಿಲ್ಲ ಎಂಬ ವಾದವನ್ನು ನಮ್ಮ ಸ್ಟುಡಿಯೋದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅದು ನನಗೆ ಒಪ್ಪಿಗೆಯಿಲ್ಲ. ಭೌತಶಾಸ್ತ್ರದ ಶಕ್ತಿಯನ್ನು ಅಳೆಯಬಹುದು. ಆತ್ಮ ಅಳತೆಯ ವಸ್ತು ಎಂದು ಉಪನಿಷತ್ತುಗಳೂ ಹೇಳಿಲ್ಲ. ನಂಬಿಕೆಗೆ ಎರವಲು ಪುರಾವೆ ಬೇಡ.

ಹಾಗಾದರೆ ಆ ನಂಬಿಕೆಯಿಂದ ನನಗೇನು ಪ್ರಯೋಜನ? ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನಮ್ಮ ತಾತ ಊರಿನ ದನಕರುಗಳಿಗೆಂದು ಹೊಲದ ಒಂದು ಮೂಲೆಯಲ್ಲಿ ಗೋಕುಂಟೆ ತೋಡಿಸಿ ಬಿಟ್ಟುಕೊಟ್ಟಿದ್ದರು. ಕೊಟ್ಟದ್ದು ಬಾಯಿಮಾತಿನಲ್ಲಿ, ಪಹಣಿಯಲ್ಲಿ ಇನ್ನೂ ನಮ್ಮದೇ ಹೆಸರು. ಭೂಮಿಯ ಬೆಲೆ ಏರಿದ ಮೇಲೆ ದಾಯಾದಿಗಳು, "ಹೇಗೂ ಕುಂಟೆ ಬತ್ತಿದೆ, ಮುಚ್ಚಿ ಮಾರೋಣ, ಒಂದು ರುಜು ಹಾಕು" ಎಂದರು. ಮಗಳ ಓದಿನ ಖರ್ಚು ಕಣ್ಣ ಮುಂದಿತ್ತು. ಪೆನ್ನು ಕೈಗೆ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಆಗ ಆ ಹುಳುವಿನ ಶಾಪ ನೆನಪಾಯಿತು. ಹೆದರಿದೆನೆಂದಲ್ಲ. ಮತ್ತೆ ಹುಟ್ಟುವುದು ನಿಜವಾದರೆ, ಬಿರುಬೇಸಿಗೆಯಲ್ಲಿ ಆ ಕುಂಟೆಯ ದಡಕ್ಕೆ ಬಂದು ನಿಲ್ಲುವ ಕರು ನಾನೇ ಏಕಾಗಬಾರದು ಎನ್ನಿಸಿತು. ನಿಜವಲ್ಲದಿದ್ದರೂ, ಯಾವುದೋ ಒಂದು ಕರು ಬಂದೇ ಬರುತ್ತದೆ. ಅದರ ಬಾಯಾರಿಕೆಯಂತೂ ನಿಜ. ರುಜು ಹಾಕಲಿಲ್ಲ. ದಾಯಾದಿಗಳು ಇಂದಿಗೂ ನನ್ನೊಡನೆ ಮನಬಿಚ್ಚಿ ಮಾತನಾಡುವುದಿಲ್ಲ. ಆ ನೋವು ನನ್ನ ತಟ್ಟೆಗೆ ಬಂದ ಮುದ್ದೆ.

ನದಿಯ ಆಸರೆಯಿಲ್ಲದ ಕೋಲಾರದ ಸೀಮೆ ಬದುಕಿದ್ದೇ ಹಿಂದಿನವರು ಕಟ್ಟಿಸಿಬಿಟ್ಟ ಕೆರೆ ಕುಂಟೆಗಳಿಂದ. ನಿಮ್ಮ ಊರಿನಲ್ಲಿಯೂ ಯಾರೋ ಕೊಟ್ಟುಹೋದ ಗೋಮಾಳ, ತೋಪು, ಬಾವಿ ಇರಬಹುದು. ನಾಳೆ ಆ ದಾರಿಯಲ್ಲಿ ಹೋಗುವಾಗ ಒಂದು ಕ್ಷಣ ನಿಂತು ನೋಡಿ. ಮರಳಿ ಬರುವವರು ನಾವೇ ಇರಬಹುದು.